ವಿದ್ಯುತ್ ಕ್ಷೇತ್ರದ ವರದಿಗಾರಿಕೆಯನ್ನೇ ಪೂರ್ಣಾವಧಿ ವೃತ್ತಿಯಾಗಿಸಿಕೊಳ್ಳಬಹುದೇ?

ಪ್ರಶ್ನೆ: ರಾಯಚೂರಿನ ವರದಿಗಾರ್ತಿ

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಜಿಲ್ಲೆಯಲ್ಲಿ ಕನ್ನಡ ದಿನಪತ್ರಿಕೆಯೊಂದಕ್ಕೆ ವರದಿ ಮಾಡುತ್ತಿದ್ದೇನೆ. ಜಿಲ್ಲಾ ಪಂಚಾಯಿತಿ ಸಭೆಯಿಂದ ಹಿಡಿದು ಭತ್ತದ ಧಾರಣೆಯವರೆಗೆ ಎಲ್ಲವನ್ನೂ ಬರೆಯಬೇಕಾದ ಕೆಲಸ ನನ್ನದಾದರೂ, ಕೆಲವು ವರ್ಷಗಳಿಂದ ವಿದ್ಯುತ್ ಕ್ಷೇತ್ರದ ಕಡೆಗೆ ಮನಸ್ಸು ಹೆಚ್ಚು ವಾಲಿದೆ. ಅದಕ್ಕೆ ನಮ್ಮ ಜಿಲ್ಲೆಯೇ ಕಾರಣ. ಶಕ್ತಿನಗರದಲ್ಲಿ 1,720 ಮೆಗಾವಾಟ್ ಸಾಮರ್ಥ್ಯದ ಆರ್‌ಟಿಪಿಎಸ್ (ರಾಯಚೂರು ಉಷ್ಣ ವಿದ್ಯುತ್ ಸ್ಥಾವರ) ಇದೆ, ಯರಮರಸ್‌ನಲ್ಲಿ ತಲಾ 800 ಮೆಗಾವಾಟ್‌ನ ಎರಡು ಘಟಕಗಳ ಉಷ್ಣ ಸ್ಥಾವರ ವೈಟಿಪಿಎಸ್ ಇದೆ. ಇಷ್ಟಿದ್ದೂ 2023ರ ಬರಗಾಲದಲ್ಲಿ ಪಂಪ್‌ಸೆಟ್‌ಗಳಿಗೆ ಕೊಡುತ್ತಿದ್ದ ಏಳು ಗಂಟೆಯ ತ್ರೀಫೇಸ್ ವಿದ್ಯುತ್ತು ಐದು ಗಂಟೆಗೆ ಇಳಿದಾಗ, ಚಿಮಣಿ ಕಾಣುವಷ್ಟು ಹತ್ತಿರದ ಹಳ್ಳಿಗಳ ರೈತರು ನನ್ನನ್ನು ಕೇಳಿದ ಪ್ರಶ್ನೆಗಳಿಗೆ ಅಧಿಕಾರಿಗಳ ಪ್ರಕಟಣೆಯಲ್ಲಿ ಉತ್ತರವಿರಲಿಲ್ಲ. ಆ ಉತ್ತರಗಳನ್ನು ಹುಡುಕುತ್ತ ಹೋದಂತೆ, ಇದೊಂದನ್ನೇ ಜೀವನವಿಡೀ ಬರೆದರೂ ಮುಗಿಯದು ಎನ್ನಿಸತೊಡಗಿತು.

ನಾನು ಓದಿದ್ದು ಕನ್ನಡ ಮತ್ತು ಪತ್ರಿಕೋದ್ಯಮ, ಎಂಜಿನಿಯರಿಂಗ್ ಹಿನ್ನೆಲೆಯಿಲ್ಲ. ಹೀಗಿರುವಾಗ ಈ ಕ್ಷೇತ್ರವನ್ನು ಎಲ್ಲಿಂದ, ಹೇಗೆ ಕಲಿಯಬೇಕು? ಕನ್ನಡದಲ್ಲಿ ಬರೆದುಕೊಂಡೇ ಇದನ್ನು ವೃತ್ತಿಯಾಗಿ ನಡೆಸಲು ಸಾಧ್ಯವೇ, ಅಥವಾ ಇಂಗ್ಲಿಷ್ ಉದ್ಯಮ ಪತ್ರಿಕೆಗಳ ಕಡೆಗೆ ಹೋಗಲೇಬೇಕೇ? ಇನ್ನೊಂದು ಸಂಗತಿಯೂ ಇದೆ. ನವೀಕರಿಸಬಹುದಾದ ಇಂಧನದ ಕುರಿತ ಉದ್ಯಮ ಸಮಾವೇಶವೊಂದರಲ್ಲಿ ಗೋಷ್ಠಿಯನ್ನು ನಡೆಸಿಕೊಡುವಂತೆ ನನಗೆ ಆಹ್ವಾನ ಬಂದಿದೆ. ಪ್ರಯಾಣ, ವಸತಿ ಮತ್ತು ಗೌರವಧನ ಕೊಡುತ್ತಾರಂತೆ. ಅದನ್ನು ಒಪ್ಪಿಕೊಳ್ಳುವುದು ಸರಿಯೇ? ಅನುಭವಿಗಳು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹಳೆಯ ಬೀಟಿನವರು, ಬೆಂಗಳೂರು

ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ಕರ್ನಾಟಕ ವಿದ್ಯುತ್ ಮಂಡಳಿ ಇನ್ನೂ ಒಂದೇ ಸಂಸ್ಥೆಯಾಗಿದ್ದ ಕಾಲದಲ್ಲಿ ನಾನು ಈ ವಿಷಯವನ್ನು ಬರೆಯತೊಡಗಿದೆ. 1999ರ ಸುಧಾರಣಾ ಕಾಯ್ದೆಯಿಂದ ಮಂಡಳಿ ಕೆಪಿಟಿಸಿಎಲ್ (ವಿದ್ಯುತ್ ಪ್ರಸರಣ ನಿಗಮ) ಆದದ್ದು, ಅದೇ ವರ್ಷ ವಿದ್ಯುತ್ ನಿಯಂತ್ರಣ ಆಯೋಗ ಬಂದದ್ದು, 2002ರಲ್ಲಿ ವಿತರಣೆ ಬೇರೆಯಾಗಿ ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೆಸ್ಕಾಂಗಳು ಹುಟ್ಟಿದ್ದು, ಇವನ್ನೆಲ್ಲ ವರದಿ ಮಾಡುತ್ತಲೇ ಕಲಿತವನು ನಾನು. ನನಗೂ ಎಂಜಿನಿಯರಿಂಗ್ ಹಿನ್ನೆಲೆ ಇರಲಿಲ್ಲ.

ಮೊದಲು ಮೆಗಾವಾಟ್ ಮತ್ತು ಯೂನಿಟ್ ನಡುವಿನ ವ್ಯತ್ಯಾಸ ನಿಮ್ಮ ಕೈಗೆ ಒಗ್ಗಬೇಕು: ಮೊದಲನೆಯದು ಸಾಮರ್ಥ್ಯ, ಎರಡನೆಯದು ಉತ್ಪಾದನೆಯಾದ ವಿದ್ಯುತ್ತಿನ ಅಳತೆ. ಒಂದು ಮೆಗಾವಾಟ್ ಸಾಮರ್ಥ್ಯದ ಘಟಕ ಇಡೀ ದಿನ ಪೂರ್ತಿ ಓಡಿದರೆ 24,000 ಯೂನಿಟ್ ಉತ್ಪಾದನೆಯಾಗುತ್ತದೆ. ಪಾವಗಡ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್, ನಿಮ್ಮ ಆರ್‌ಟಿಪಿಎಸ್‌ನದು 1,720 ಮೆಗಾವಾಟ್. ಸಾಮರ್ಥ್ಯವನ್ನಷ್ಟೇ ನೋಡಿ ಪಾವಗಡವೇ ದೊಡ್ಡದು ಎಂದು ಬರೆಯುವುದು ಸುಲಭ. ಆದರೆ ಸೂರ್ಯ ಇರುವಷ್ಟು ಹೊತ್ತು ಮಾತ್ರ ದುಡಿಯುವ ಪಾರ್ಕು, ಸಾಮರ್ಥ್ಯದ ಲೆಕ್ಕದಲ್ಲಿ ಆಗಬೇಕಾದ ಯೂನಿಟ್‌ಗಳ ಸುಮಾರು ನಾಲ್ಕನೇ ಒಂದು ಭಾಗವನ್ನಷ್ಟೇ ಕೊಡುತ್ತದೆ. ಕಲ್ಲಿದ್ದಲು ಇದ್ದು ಯಂತ್ರ ಸುಸ್ಥಿತಿಯಲ್ಲಿದ್ದರೆ ಆರ್‌ಟಿಪಿಎಸ್ ಅದರ ಎರಡು ಮೂರು ಪಟ್ಟು ಯೂನಿಟ್ ಕೊಡಬಲ್ಲದು. ಇನ್ನು ಸಂಜೆ ಏಳು ಗಂಟೆಯ ಬೇಡಿಕೆಯ ವಿಷಯಕ್ಕೆ ಬಂದರೆ ಅಲ್ಲಿ ಪಾರ್ಕಿನ ಪಾಲು ಶೂನ್ಯ. ಈ ಲೆಕ್ಕವನ್ನು ಕಾಗದದ ಮೇಲೆ ಮಾಡದೆ ಯಾವ ಶಂಕುಸ್ಥಾಪನೆಯ ಸುದ್ದಿಯನ್ನೂ ಕಳುಹಿಸಬೇಡಿ.

ಎರಡನೆಯದಾಗಿ, ಆಯೋಗದ ದರ ಆದೇಶಗಳನ್ನು ಓದಿ. ನನ್ನ ಅನುಭವದಲ್ಲಿ ಈ ಕ್ಷೇತ್ರಕ್ಕೆ ಇದಕ್ಕಿಂತ ಒಳ್ಳೆಯ ಪಠ್ಯವಿಲ್ಲ. ಎಸ್ಕಾಂಗಳು, ಅಂದರೆ ಬೆಸ್ಕಾಂನಂತಹ ವಿತರಣಾ ಕಂಪನಿಗಳು, ತಮಗೆ ಎಷ್ಟು ಆದಾಯ ಬೇಕು ಎಂಬ ಲೆಕ್ಕವನ್ನು ಅರ್ಜಿಯ ರೂಪದಲ್ಲಿ ಸಲ್ಲಿಸುತ್ತವೆ, ಅದನ್ನು ಪ್ರಕಟಿಸಿ ಆಕ್ಷೇಪಣೆ ಕರೆಯಬೇಕೆಂದು 2003ರ ವಿದ್ಯುಚ್ಛಕ್ತಿ ಕಾಯ್ದೆಯೇ ಹೇಳುತ್ತದೆ, ಆಮೇಲೆ ಬಹಿರಂಗ ವಿಚಾರಣೆ ನಡೆದು ಆದೇಶ ಹೊರಬೀಳುತ್ತದೆ. ನೂರಾರು ಪುಟಗಳ ಆ ಆದೇಶದಲ್ಲಿ ವಿದ್ಯುತ್ ಖರೀದಿಯ ಅಧ್ಯಾಯವೊಂದನ್ನು ನಿಧಾನವಾಗಿ ಓದಿದರೆ ಸಾಕು, ನಿಮ್ಮ ರೈತರ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿ ಸಿಗುತ್ತದೆ. ಒಂದೊಂದು ಸ್ಥಾವರಕ್ಕೂ ಎರಡು ಬಗೆಯ ಹಣ ಸಲ್ಲುತ್ತದೆ: ಸ್ಥಾವರ ಸಿದ್ಧವಾಗಿ ನಿಂತಿರುವುದಕ್ಕೆ ಸ್ಥಿರ ವೆಚ್ಚ, ಓಡಿದಷ್ಟು ಯೂನಿಟ್‌ಗೆ ಇಂಧನದ ವೆಚ್ಚ. ಸಿದ್ಧವಾಗಿರುವ ಸ್ಥಾವರದಿಂದ ಒಂದು ಯೂನಿಟ್ಟನ್ನೂ ಪಡೆಯದಿದ್ದರೂ ಸ್ಥಿರ ವೆಚ್ಚವನ್ನು ತೆರಬೇಕಾಗುತ್ತದೆ. ಇಷ್ಟು ತೆತ್ತ ಮೇಲೂ, ವರ್ಷದ ಲೆಕ್ಕದಲ್ಲಿ ಹೆಚ್ಚುವರಿ ವಿದ್ಯುತ್ ಇರುವ ರಾಜ್ಯವೂ ಬರಗಾಲದ ಒಂದು ಸಂಜೆ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ದುಬಾರಿ ದರಕ್ಕೆ ಕೊಳ್ಳುವ ಸ್ಥಿತಿಗೆ ಬರಬಹುದು. 2023ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರವು ಕಾಯ್ದೆಯ 11ನೇ ಸೆಕ್ಷನ್ ಬಳಸಿ ಇಲ್ಲಿನ ಖಾಸಗಿ ಉತ್ಪಾದಕರು ರಾಜ್ಯಕ್ಕೇ ವಿದ್ಯುತ್ ಕೊಡಬೇಕೆಂದು ಆದೇಶಿಸಬೇಕಾಗಿ ಬಂದದ್ದನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಿದರೆ ಅದು ಒಂದು ದಿನದ ಸುದ್ದಿಯಾಗಿ ಉಳಿಯುವುದಿಲ್ಲ.

ಪಂಪ್‌ಸೆಟ್ಟಿನ ವಿಷಯ ಇನ್ನೂ ಆಳವಾದದ್ದು. ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್‌ಗಳಿಗೆ ನಮ್ಮಲ್ಲಿ ವಿದ್ಯುತ್ ಉಚಿತ; ಬಹುಪಾಲು ಪಂಪ್‌ಸೆಟ್‌ಗಳಿಗೆ ಮೀಟರೇ ಇಲ್ಲ. ಅಂದ ಮೇಲೆ ಅವು ಬಳಸಿದ್ದು ಎಷ್ಟು ಎಂಬುದು ಅಂದಾಜಿನ ಮಾತು. ಆ ಅಂದಾಜು ಹೆಚ್ಚಾದಷ್ಟೂ ಸರ್ಕಾರದಿಂದ ಬರಬೇಕಾದ ಸಹಾಯಧನ ಹೆಚ್ಚುತ್ತದೆ, ಕಾಗದದ ಮೇಲೆ ವಿತರಣಾ ನಷ್ಟ ಕಡಿಮೆಯಾಗಿ ಕಾಣುತ್ತದೆ. ರೈತ ಬಳಸದ ವಿದ್ಯುತ್ತು ರೈತನ ಹೆಸರಿನಲ್ಲಿ ಬರೆಯಲ್ಪಡುವ ಸಾಧ್ಯತೆ ಇರುವುದು ಇಲ್ಲಿಯೇ. ಗೃಹಜ್ಯೋತಿಯ ಬಗ್ಗೆ ಬರೆಯುವಾಗಲೂ 200 ಯೂನಿಟ್ ಉಚಿತ ಎಂಬಲ್ಲಿಗೆ ನಿಲ್ಲಿಸಬೇಡಿ. ಸಹಾಯಧನದ ಮೊತ್ತವನ್ನು ಸರ್ಕಾರ ಮುಂಗಡವಾಗಿ ಕೊಡಬೇಕೆಂದು ಕಾಯ್ದೆಯ 65ನೇ ಸೆಕ್ಷನ್ ಹೇಳುತ್ತದೆ. ಅದರಂತೆ ಹಣ ಸಂದಾಯವಾಗಿದೆಯೇ ಎಂದು ತಿಂಗಳು ತಿಂಗಳೂ ಕೇಳುವವರು ಬೇಕು. 2025ರಲ್ಲಿ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಯ ಹೆಸರಿನಲ್ಲಿ ಯೂನಿಟ್‌ಗೆ 36 ಪೈಸೆ ಬಿಲ್ಲಿಗೆ ಸೇರಿದಾಗ ಓದುಗರಿಗೆ ಅದು ಆಕಾಶದಿಂದ ಬಿದ್ದಂತೆ ಕಂಡಿತು. ಅದರ ಬೇರು ಇರುವುದು ಮಂಡಳಿಯನ್ನು ಒಡೆದು ಕಂಪನಿಗಳನ್ನು ಮಾಡಿದ ಕಾಲದಲ್ಲಿ. ಹಳೆಯ ನೌಕರರ ಪಿಂಚಣಿಯ ಹೊರೆ ಯಾರದು ಎಂಬ ಪ್ರಶ್ನೆ ಆಗಿನಿಂದಲೂ ಇತ್ತು. ಒಂದೇ ವಿಷಯವನ್ನು ದೀರ್ಘಕಾಲ ಹಿಂಬಾಲಿಸಿದವರಿಗೆ ಮಾತ್ರ ಇಂತಹ ಎಳೆಗಳು ಕಾಣುತ್ತವೆ. ನೀವು ಇದನ್ನು ವೃತ್ತಿಯಾಗಿಸಿಕೊಳ್ಳಬೇಕೆಂದು ನಾನು ಒತ್ತಾಯದಿಂದ ಹೇಳುವುದಕ್ಕೆ ಇದೇ ಕಾರಣ.

ಗೌರವಧನದ ವಿಷಯದಲ್ಲಿ ನನ್ನ ಉತ್ತರ ಚಿಕ್ಕದು. ಯಾರ ದರ, ಯಾರ ಗುತ್ತಿಗೆ, ಯಾರ ಭೂಮಿಯ ಬಗ್ಗೆ ನಾಳೆ ಬರೆಯಬೇಕಾಗುತ್ತದೋ ಅವರಿಂದ ಹಣವನ್ನಾಗಲಿ ಹೋಟೆಲ್ ಕೋಣೆಯನ್ನಾಗಲಿ ಪಡೆಯಬೇಡಿ.

ಉತ್ತರ: ನಿವೃತ್ತ ಎಂಜಿನಿಯರ್, ದಾವಣಗೆರೆ

ಹಿರಿಯರು ಹಣದ ಲೆಕ್ಕವನ್ನು ಚೆನ್ನಾಗಿ ವಿವರಿಸಿದ್ದಾರೆ. ನಾನು ರಿಸೀವಿಂಗ್ ಸ್ಟೇಷನ್‌ಗಳಲ್ಲಿಯೂ, ಯಾವ ಸ್ಥಾವರ ಎಷ್ಟು ಉತ್ಪಾದಿಸಬೇಕೆಂದು ಹೇಳುವ ಲೋಡ್ ಡಿಸ್ಪ್ಯಾಚ್ ವಿಭಾಗದಲ್ಲಿಯೂ ಸೇವೆ ಸಲ್ಲಿಸಿ ನಿವೃತ್ತನಾದವನು. ಯಂತ್ರದ ಬದಿಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ.

"ಆರ್‌ಟಿಪಿಎಸ್‌ನ ಮೂರು ಘಟಕ ಸ್ಥಗಿತ" ಎಂಬ ಶೀರ್ಷಿಕೆಯನ್ನು ನಿಮ್ಮ ಭಾಗದ ಪತ್ರಿಕೆಗಳಲ್ಲಿ ನಾನು ಪದೇ ಪದೇ ಓದಿದ್ದೇನೆ. ಘಟಕ ನಿಲ್ಲುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳಿರುತ್ತವೆ, ಮತ್ತು ಮೂರರ ಅರ್ಥವೂ ಬೇರೆ ಬೇರೆ. ಕಲ್ಲಿದ್ದಲು ಇಲ್ಲದೆ ನಿಂತಿದ್ದರೆ ಅದು ಗಣಿ, ರೈಲ್ವೆ ರೇಕು (ಕಲ್ಲಿದ್ದಲು ತರುವ ಗೂಡ್ಸ್ ರೈಲು), ಬಾಕಿ ಹಣ ಇವುಗಳ ಕಥೆ. ಬಾಯ್ಲರ್ ಟ್ಯೂಬ್ ಸೋರಿಕೆಯಂತಹ ದೋಷದಿಂದ ನಿಂತಿದ್ದರೆ ಅದು ನಿರ್ವಹಣೆಯ ಕಥೆ. ಅಲ್ಲಿ 1985ರಿಂದ ಓಡುತ್ತಿರುವ ಯಂತ್ರಗಳೂ ಇವೆ ಎಂಬುದನ್ನು ನೆನಪಿಡಬೇಕು. ಮೂರನೆಯದು, ಗ್ರಿಡ್‌ನಲ್ಲಿ ಬೇಡಿಕೆ ಕಡಿಮೆಯಿದ್ದು ಅಥವಾ ಮಧ್ಯಾಹ್ನ ಸೌರ ವಿದ್ಯುತ್ತು, ಮಳೆಗಾಲದಲ್ಲಿ ಗಾಳಿ ಮತ್ತು ಜಲ ವಿದ್ಯುತ್ತು ಸಾಕಷ್ಟು ಬಂದು, ಲೋಡ್ ಡಿಸ್ಪ್ಯಾಚ್ ಕೇಂದ್ರವೇ ಘಟಕವನ್ನು ನಿಲ್ಲಿಸುವಂತೆ ಹೇಳಿರುವುದು. ಇದಕ್ಕೆ ನಾವು ರಿಸರ್ವ್ ಶಟ್‌ಡೌನ್ ಎನ್ನುತ್ತೇವೆ. ಆಗ ಸ್ಥಾವರದ ತಪ್ಪೇನೂ ಇರುವುದಿಲ್ಲ, ವಿದ್ಯುತ್ ಕಡಿತದ ಭಯವೂ ಇರುವುದಿಲ್ಲ. ಅದೇ ದಿನ ಓದುಗರಿಗೆ "ಕತ್ತಲೆಯ ಭೀತಿ" ಎಂದು ಹೇಳುವುದು ಎಷ್ಟು ಅನ್ಯಾಯ! ಕಾರಣ ಯಾವುದೆಂದು ಕೇಳಿದರೆ ಪಾಳಿಯಲ್ಲಿರುವ ಎಂಜಿನಿಯರ್ ಸಾಮಾನ್ಯವಾಗಿ ಹೇಳುತ್ತಾರೆ. ಕೇಳುವವರು ಕಡಿಮೆ.

ಗ್ರಿಡ್ ಎಂದರೇನು ಎಂಬುದನ್ನು ಪ್ರತಿ ಸೆಕೆಂಡಿನ ಸಮತೋಲನವಾಗಿ ಅರ್ಥಮಾಡಿಕೊಳ್ಳಿ. ಉತ್ಪಾದನೆಯೂ ಬಳಕೆಯೂ ಆಯಾ ಕ್ಷಣಕ್ಕೆ ಸರಿಹೊಂದಬೇಕು. ಹೊಂದಿದೆಯೇ ಇಲ್ಲವೇ ಎಂಬುದನ್ನು 50 ಹರ್ಟ್ಸ್ ಎಂಬ ಆವರ್ತನ ತೋರಿಸುತ್ತದೆ. ಬಳಕೆ ಮೀರಿದರೆ ಅದು ಇಳಿಯುತ್ತದೆ, ಉತ್ಪಾದನೆ ಮೀರಿದರೆ ಏರುತ್ತದೆ. ನಮ್ಮ ದೇಶದಲ್ಲಿ ಅದನ್ನು 49.90 ಮತ್ತು 50.05ರ ನಡುವೆ ಇಡಬೇಕೆಂಬುದು ನಿಯಮ. 2012ರ ಜುಲೈ 30 ಮತ್ತು 31ರಂದು ದೇಶದ ಗ್ರಿಡ್ ಕುಸಿದು, ಎರಡನೆಯ ದಿನ ಉತ್ತರ, ಪೂರ್ವ ಮತ್ತು ಈಶಾನ್ಯ ಭಾಗಗಳಲ್ಲಿ ಅರವತ್ತು ಕೋಟಿಗೂ ಹೆಚ್ಚು ಜನರು ಬಾಧಿತರಾದರು. ಆ ಎರಡು ದಿನಗಳಲ್ಲಿ ದಕ್ಷಿಣದ ರಾಜ್ಯಗಳಲ್ಲಿ ವಿದ್ಯುತ್ತು ಏಕೆ ಉಳಿಯಿತು ಎಂಬ ಪ್ರಶ್ನೆಗೆ ಉತ್ತರ ಸರಳವಾಗಿತ್ತು. ದಕ್ಷಿಣದ ಗ್ರಿಡ್ ಆಗ ಉಳಿದ ದೇಶದೊಂದಿಗೆ ಒಂದೇ ಆವರ್ತನದಲ್ಲಿ ಜೋಡಣೆಯಾಗಿರಲಿಲ್ಲ; ಒಡಿಶಾದ ತಾಲ್ಚೇರ್‌ನಿಂದ ನಮ್ಮ ಕೋಲಾರಕ್ಕೆ ಬರುವ ಡಿ.ಸಿ. (ಏಕಮುಖ ವಿದ್ಯುತ್) ಮಾರ್ಗದಂತಹ ಸಂಪರ್ಕಗಳಷ್ಟೇ ಇದ್ದವು. ಪೂರ್ಣ ಜೋಡಣೆಯಾದದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ 765 ಕೆ.ವಿ. ಮಾರ್ಗದ ಮೂಲಕ. ಇಡೀ ದೇಶ ಒಂದೇ ಗ್ರಿಡ್ ಆದದ್ದು ನಿಮ್ಮ ಜಿಲ್ಲೆಯಲ್ಲಿ! ಅಲ್ಲಿಯೇ ಕೆಲಸ ಮಾಡುವ ವರದಿಗಾರ್ತಿಗೆ ಇದಕ್ಕಿಂತ ಒಳ್ಳೆಯ ಆರಂಭದ ಲೇಖನ ಬೇರೆ ಇರಲಾರದು.

ಅಧಿಕಾರಿಗಳಿಂದ ಮಾಹಿತಿ ಪಡೆಯುವ ಬಗ್ಗೆ ಒಂದು ಮಾತು. ಸೇವಾ ನಿಯಮಗಳಿಂದಾಗಿ ಕೆಳಹಂತದ ಎಂಜಿನಿಯರ್‌ಗಳು ಪತ್ರಿಕೆಗೆ ಹೇಳಿಕೆ ಕೊಡಲಾರರು. ಗುಟ್ಟು ಕೇಳುವ ಬದಲು ಕೆಲಸ ಹೇಗೆ ನಡೆಯುತ್ತದೆ ಎಂದು ಕೇಳಿ. ಅನುಮತಿ ಪಡೆದು ಒಂದು 220 ಕೆ.ವಿ. ಸ್ಟೇಷನ್ನಿನಲ್ಲಿ ಒಂದು ಪಾಳಿ ಕಳೆಯಿರಿ, ಹಳ್ಳಿಯ ಲೈನ್‌ಮನ್ ಜೊತೆ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಬದಲಾಯಿಸುವ ಜಾಗಕ್ಕೆ ಹೋಗಿ. ಲೈನ್‌ಮನ್ ಸತ್ತಾಗ ಎರಡು ಸಾಲಿನ ಸುದ್ದಿ ಬರುತ್ತದೆ, ಮಾರನೆಯ ದಿನ ಎಲ್ಲರೂ ಮರೆಯುತ್ತಾರೆ. ಕಂಬ ಹತ್ತುವ ಮುನ್ನ ಎಲ್.ಸಿ., ಅಂದರೆ ಲೈನ್ ಕ್ಲಿಯರ್, ತೆಗೆದುಕೊಂಡಿದ್ದರೇ, ಅದನ್ನು ಕೊಟ್ಟವರು ಯಾರು, ಅರ್ಥಿಂಗ್ ರಾಡ್ ಮತ್ತು ಕೈಗವಸು ಇದ್ದವೇ, ಬೇರೆ ಫೀಡರ್‌ನಿಂದ ಅಥವಾ ಯಾರದೋ ಜನರೇಟರ್‌ನಿಂದ ಹಿಮ್ಮುಖವಾಗಿ ವಿದ್ಯುತ್ ಹರಿಯಿತೇ, ವಿದ್ಯುತ್ ಪರಿವೀಕ್ಷಣಾಲಯದ ವರದಿ ಏನು ಹೇಳಿತು ಎಂಬ ಪ್ರಶ್ನೆಗಳನ್ನು ಕೊನೆಯವರೆಗೂ ಕೇಳುವ ಒಬ್ಬ ವರದಿಗಾರರು ಜಿಲ್ಲೆಗೊಬ್ಬರಂತೆ ಇದ್ದಿದ್ದರೆ ನಮ್ಮ ಹುಡುಗರಲ್ಲಿ ಕೆಲವರಾದರೂ ಉಳಿಯುತ್ತಿದ್ದರು ಎಂದು ನಾನು ನಂಬಿದ್ದೇನೆ.

ಉತ್ತರ: ಹ್ಯೂಸ್ಟನ್ ಕನ್ನಡಿಗ

ನಾನು ಟೆಕ್ಸಸ್‌ನಲ್ಲಿ ವಿದ್ಯುತ್ ಮಾರುಕಟ್ಟೆಯ ಸುದ್ದಿಗಳನ್ನು ಪ್ರಕಟಿಸುವ ಉದ್ಯಮ ಪತ್ರಿಕೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಹೀಗಾಗಿ ಪ್ರಶ್ನೆಯ ಎರಡನೆಯ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ.

ಇಲ್ಲಿ ಇದು ನಿಜವಾದ ವೃತ್ತಿ. ಓದುಗರು ಉತ್ಪಾದಕರು, ವ್ಯಾಪಾರಿಗಳು, ವಕೀಲರು, ನಿಯಂತ್ರಕರು. ಚಂದಾ ದುಬಾರಿ, ಪತ್ರಿಕೆಯ ಆದಾಯದಲ್ಲಿ ಸಮಾವೇಶಗಳ ಪಾಲೂ ದೊಡ್ಡದು. ಆದರೆ ಈ ಬಗೆಯ ಬರವಣಿಗೆಯಲ್ಲಿ ಬಿಲ್ಲು ಕಟ್ಟುವ ಮನೆಯವರು ಓದುಗರಾಗಿ ಇರುವುದೇ ಇಲ್ಲ ಎಂಬುದು ನನ್ನನ್ನು ಕಾಡುತ್ತ ಬಂದ ಕೊರತೆ. 2021ರ ಫೆಬ್ರುವರಿಯ ಹಿಮಗಾಳಿಯಲ್ಲಿ ಇಲ್ಲಿನ ಗ್ರಿಡ್ ಪೂರ್ಣ ಕುಸಿತಕ್ಕೆ 4 ನಿಮಿಷ 37 ಸೆಕೆಂಡುಗಳಷ್ಟು ಹತ್ತಿರ ಹೋಗಿತ್ತು. 45 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ವಿದ್ಯುತ್ ಇರಲಿಲ್ಲ. ರಾಜ್ಯದ ಅಧಿಕೃತ ಲೆಕ್ಕದಂತೆ 246 ಜನ ಸತ್ತರು. ಸಗಟು ದರ ಮೆಗಾವಾಟ್ ಗಂಟೆಗೆ 9,000 ಡಾಲರ್ ಎಂಬ ಮಿತಿಯಲ್ಲಿ ದಿನಗಟ್ಟಲೆ ನಿಂತಿತ್ತು. ಗಾಳಿಯಂತ್ರಗಳು ಹೆಪ್ಪುಗಟ್ಟಿದ್ದೇ ಕಾರಣವೆಂದು ಮೊದಲ ದಿನಗಳಲ್ಲಿ ದೊಡ್ಡ ದನಿಯಲ್ಲಿ ಹೇಳಲಾಯಿತು. ಆಗ ಆ ಮಾತನ್ನು ಪ್ರಶ್ನಿಸಲು ಸಾಧ್ಯವಾದದ್ದು 2011ರ ಚಳಿಯ ಕುಸಿತದ ಮೇಲಿನ ತನಿಖಾ ವರದಿಯನ್ನು ಓದಿಕೊಂಡಿದ್ದ ಪತ್ರಕರ್ತರಿಗೆ. ಸ್ಥಾವರಗಳನ್ನೂ ಅನಿಲದ ವ್ಯವಸ್ಥೆಯನ್ನೂ ಚಳಿಗೆ ಸಜ್ಜುಗೊಳಿಸಬೇಕೆಂದು ಆ ವರದಿಯೇ ಹೇಳಿತ್ತು. 2021ರ ನವೆಂಬರಿನಲ್ಲಿ ಬಂದ ಕೇಂದ್ರ ನಿಯಂತ್ರಕರ ವರದಿಯಂತೆ, ಅನಿರೀಕ್ಷಿತವಾಗಿ ನಿಂತ ಘಟಕಗಳಲ್ಲಿ ಶೇ 58ರಷ್ಟು ನೈಸರ್ಗಿಕ ಅನಿಲದವು. ಹತ್ತು ವರ್ಷ ಹಳೆಯ ವರದಿಯನ್ನು ಕಪಾಟಿನಲ್ಲಿ ಇಟ್ಟುಕೊಂಡಿರುವುದು ಈ ವೃತ್ತಿಯಲ್ಲಿ ಎಷ್ಟು ಉಪಯೋಗ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಸಮಾವೇಶದ ವಿಷಯದಲ್ಲಿ ಬೆಂಗಳೂರಿನ ಹಿರಿಯರೊಂದಿಗೆ ನನ್ನದು ಸ್ವಲ್ಪ ಭಿನ್ನಾಭಿಪ್ರಾಯ. ಹಣ ಬೇಡವೆಂಬುದನ್ನು ಒಪ್ಪುತ್ತೇನೆ. ವೇದಿಕೆಯನ್ನೇ ಬಿಡಬೇಕೆಂದು ಯಾರಾದರೂ ಅದನ್ನು ಅರ್ಥಮಾಡಿಕೊಂಡರೆ ಒಪ್ಪುವುದಿಲ್ಲ. ಪತ್ರಿಕಾಗೋಷ್ಠಿಯಲ್ಲಿ ಉತ್ತರಿಸದ ಅಧ್ಯಕ್ಷರು, ಮುನ್ನೂರು ಜನರ ಎದುರು ಪಕ್ಕದ ಕುರ್ಚಿಯಿಂದ ಬಂದ ಪ್ರಶ್ನೆಗೆ ಉತ್ತರಿಸಲೇಬೇಕಾಗುತ್ತದೆ. ಆದ್ದರಿಂದ ಷರತ್ತು ಹಾಕಿ ಹೋಗಿ. ಪ್ರಶ್ನೆಗಳನ್ನು ಮುಂಚಿತವಾಗಿ ಯಾರಿಗೂ ಕಳುಹಿಸುವುದಿಲ್ಲ, ಪ್ರಾಯೋಜಕರ ಬಗ್ಗೆ ಹೊಗಳಿಕೆಯ ಪರಿಚಯ ಓದುವುದಿಲ್ಲ, ವೇದಿಕೆಯ ಮೇಲಿನ ಮಾತೆಲ್ಲವನ್ನೂ ವರದಿ ಮಾಡುವ ಹಕ್ಕು ನನ್ನದು ಎಂದು ಬರಹದಲ್ಲಿ ತಿಳಿಸಿ. ಸಂಪಾದಕರ ಒಪ್ಪಿಗೆಯನ್ನೂ ಬರಹದಲ್ಲಿಯೇ ಪಡೆಯಿರಿ. ಮುಂದೆ ಆ ಕಂಪನಿಗಳ ಬಗ್ಗೆ ಬರೆಯುವಾಗ, ಅವರ ವೇದಿಕೆಯಲ್ಲಿ ಪಾಲ್ಗೊಂಡಿದ್ದೆ ಎಂಬ ಒಂದು ಸಾಲು ಲೇಖನದಲ್ಲಿರಲಿ.

ಉತ್ತರ: ಪಾವಗಡದ ಓದುಗ

ಮೇಡಂ, ನಾನು ಪತ್ರಕರ್ತನಲ್ಲ, ಸೌರ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟಿರುವ ಕುಟುಂಬದವನು. ನಮ್ಮ ತಾಲ್ಲೂಕಿನ ಸುಮಾರು 13,000 ಎಕರೆ ಈ ಪಾರ್ಕಿಗೆ ಹೋಗಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ, ಎರಡು ವರ್ಷಕ್ಕೊಮ್ಮೆ ಶೇ 5ರ ಹೆಚ್ಚಳ ಎಂಬುದು ಒಪ್ಪಂದ. ಮಳೆ ಕಾಣದ ನೆಲಕ್ಕೆ ಇದು ಒಳ್ಳೆಯ ಹಣವೆಂದು ನಾವು ಸಹಿ ಮಾಡಿದೆವು, ಅದು ಸುಳ್ಳೂ ಅಲ್ಲ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಆ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದ, ಸ್ವಂತ ಜಮೀನಿಲ್ಲದವರಿಗೆ ಗುತ್ತಿಗೆಯಲ್ಲಿ ಪಾಲಿಲ್ಲ. ನಮ್ಮೂರಿಗೆ ಬಂದ ಬಹಳಷ್ಟು ಪತ್ರಕರ್ತರು ಫಲಕಗಳ ಸಾಲನ್ನು ಚಿತ್ರ ತೆಗೆದು, ಜಮೀನಿನ ಮಾಲೀಕರೊಬ್ಬರನ್ನು ಮಾತನಾಡಿಸಿ ಹಿಂತಿರುಗಿದರು.

ಕನ್ನಡದಲ್ಲಿ ಸಾಧ್ಯವೇ ಎಂದು ಕೇಳಿದ್ದೀರಿ. ಗುತ್ತಿಗೆ ಪತ್ರದ ಯಾವ ಕಲಮು ಏನು ಹೇಳುತ್ತದೆ, ಅವಧಿ ಮುಗಿದ ಮೇಲೆ ನೆಲವನ್ನು ಯಾವ ಸ್ಥಿತಿಯಲ್ಲಿ ಹಿಂತಿರುಗಿಸಬೇಕು ಎಂಬುದನ್ನು ನಮಗೆ ಅರ್ಥವಾಗುವಂತೆ ಬರೆದುಕೊಡುವವರು ಯಾರೂ ಇರಲಿಲ್ಲ. ಈಗ ಬೇರೆ ಜಿಲ್ಲೆಗಳಲ್ಲಿಯೂ ಇಂತಹ ಪಾರ್ಕುಗಳ ಮಾತು ನಡೆಯುತ್ತಿದೆ. ಆ ಹಳ್ಳಿಗಳಿಗೆ ಸಹಿಗೆ ಮುಂಚೆಯೇ ಬನ್ನಿ. ಸಮಾವೇಶದಲ್ಲಿ ಮಾತನಾಡುವಷ್ಟೇ ಮುಖ್ಯವಾಗಿ ಗ್ರಾಮಸಭೆಯಲ್ಲಿಯೂ, ಆಕಾಶವಾಣಿಯ ರೈತರ ಕಾರ್ಯಕ್ರಮದಲ್ಲಿಯೂ ಮಾತನಾಡಿ. ಅಲ್ಲಿ ಕೇಳುವವರು ಬಹಳ ಜನ ಇದ್ದಾರೆ.

ಮತ್ತೆ: ರಾಯಚೂರಿನ ವರದಿಗಾರ್ತಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಗೌರವಧನವನ್ನೂ ವಸತಿಯನ್ನೂ ನಿರಾಕರಿಸಿ, ಹ್ಯೂಸ್ಟನ್‌ನ ಸರ್ ಹೇಳಿದ ಷರತ್ತುಗಳನ್ನು ಬರೆದು ಸಂಘಟಕರಿಗೆ ಕಳುಹಿಸುತ್ತೇನೆ. ಅವರು ಒಪ್ಪಿದರೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ, ಮತ್ತು ಭೂರಹಿತ ಕೂಲಿಕಾರರ ಪ್ರಶ್ನೆಯನ್ನೇ ಮೊದಲು ಕೇಳುತ್ತೇನೆ. ದಾವಣಗೆರೆಯ ಸರ್ ಅವರಲ್ಲಿ ಒಂದು ವಿನಂತಿ: ಘಟಕ ನಿಂತ ಕಾರಣವನ್ನು ಪ್ರತಿದಿನ ಫೋನ್ ಮಾಡದೆ ತಿಳಿಯಲು ದಾರಿ ಇದೆಯೇ?

ಉತ್ತರ: ನಿವೃತ್ತ ಎಂಜಿನಿಯರ್, ದಾವಣಗೆರೆ

ಇದೆ. ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದ ಜಾಲತಾಣದಲ್ಲಿ ಸ್ಥಾವರವಾರು ಉತ್ಪಾದನೆ ಮತ್ತು ಆವರ್ತನ ಕಾಣುತ್ತವೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ದೈನಂದಿನ ವರದಿಗಳಲ್ಲಿ ಯಾವ ಘಟಕ ಯಾವ ಕಾರಣದಿಂದ ನಿಂತಿದೆ ಎಂಬುದೂ, ಕಲ್ಲಿದ್ದಲು ಎಷ್ಟು ದಿನಕ್ಕೆ ಇದೆ ಎಂಬುದೂ ಇರುತ್ತವೆ. ಎರಡನ್ನೂ ಬೆಳಿಗ್ಗೆ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕದೊಂದಿಗೆ ಬರೆದಿಡಿ. ಜಲಾಶಯಗಳಲ್ಲಿ ಲಿಂಗನಮಕ್ಕಿಯ ಮಟ್ಟವನ್ನೂ ಸೇರಿಸಿ. ಅದರ ಪೂರ್ಣ ಮಟ್ಟ 1,819 ಅಡಿ, 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರ ಆ ನೀರಿನಿಂದಲೇ ನಡೆಯುತ್ತದೆ. ಮಳೆಗಾಲ ಮುಗಿದಾಗ ಅಲ್ಲಿ ನೀರು ಕಡಿಮೆಯಿದ್ದರೆ ಬೇಸಿಗೆಯಲ್ಲಿ ನಿಮ್ಮ ಶಕ್ತಿನಗರದ ಮೇಲೆ ಎಷ್ಟು ಭಾರ ಬೀಳುತ್ತದೆ ಎಂಬುದನ್ನು ಅಕ್ಟೋಬರಿನಲ್ಲಿಯೇ ಬರೆಯಬಹುದು. ಆ ನೋಟ್‌ಬುಕ್ಕಿನೊಂದಿಗೆ ಯಾವ ಪ್ರಶ್ನೆ ಬಂದರೂ ಇಲ್ಲಿ ಕೇಳಿ, ನಾನು ಉತ್ತರಿಸುತ್ತೇನೆ.